ಮಲೆನಾಡಿನ ಅಡುಗೆಮನೆಗೆ ಹೊಂದುವ ಬೇಕಿಂಗ್: ಮಳೆಗಾಲದ ಸೌತೆಕಾಯಿ ಕೇಕಿನಿಂದ ಡಿಸೆಂಬರಿನ ಹಣ್ಣಿನ ಕೇಕಿನವರೆಗೆ

ಮಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಸರಿಯಾಗಿ ಬರುವ ಕೇಕಿನ ಅಳತೆಯನ್ನು ಚಿಕ್ಕಮಗಳೂರಿನ ಅಡುಗೆಮನೆಯಲ್ಲಿ ಚಾಚೂ ತಪ್ಪದೆ ಪಾಲಿಸಿದರೂ, ಕೇಕು ಮೊದಲು ಚೆನ್ನಾಗಿ ಉಬ್ಬಿ ಆಮೇಲೆ ನಡುವೆ ಕುಸಿಯುವುದುಂಟು. ಮನೆಯವರು ಸಾಮಾನ್ಯವಾಗಿ ಓವನ್ನನ್ನೋ ಬೇಕಿಂಗ್ ಪೌಡರನ್ನೋ ದೂರುತ್ತಾರೆ. ಕಾರಣ ಬಹುಮಟ್ಟಿಗೆ ಊರಿನ ಎತ್ತರದಲ್ಲಿದೆ. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ; ಹಾಸನ ಅದಕ್ಕಿಂತ ನೂರು ಮೀಟರಿನಷ್ಟು ಕೆಳಗಿದ್ದರೂ 900 ಮೀಟರಿಗಿಂತ ಮೇಲೆಯೇ ಇದೆ. ಈ ಮಟ್ಟ ದಾಟಿದ ಮೇಲೆ ಗಾಳಿಯ ಒತ್ತಡ ಕಡಿಮೆಯಾಗಿ, ಹಿಟ್ಟಿನೊಳಗಿನ ಅನಿಲ ಬಯಲುಸೀಮೆಗಿಂತ, ಕರಾವಳಿಗಿಂತ ಬೇಗ ಮತ್ತು ಹೆಚ್ಚು ಹಿಗ್ಗುತ್ತದೆ. ಹಿಟ್ಟು ಗಟ್ಟಿಯಾಗುವ ಮೊದಲೇ ಗುಳ್ಳೆಗಳು ಒಡೆದುಹೋಗುತ್ತವೆ. ನೀರು ಕೂಡ ಇಲ್ಲಿ 100 ಡಿಗ್ರಿಯ ಬದಲು 96–97 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದರಿಂದ ತೇವ ಬೇಗ ಆರುತ್ತದೆ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಪಾಕಪುಸ್ತಕಗಳು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈ ಮಾರ್ಗದರ್ಶಿಯನ್ನು ಇಲ್ಲಿನ ಎತ್ತರ, ಇಲ್ಲಿನ ಮಳೆ ಮತ್ತು ಇಲ್ಲಿನ ಹಂಗಾಮುಗಳನ್ನು ಇಟ್ಟುಕೊಂಡು ಬರೆದಿದೆ. ಅದಕ್ಕೆ ಇನ್ನೊಂದು ಉದ್ದೇಶವೂ ಇದೆ. "ಏನೇ ಮಾಡಿದರೂ ಅಜ್ಜಿ ಮಾಡುತ್ತಿದ್ದ ರುಚಿ ಬರುವುದಿಲ್ಲ" ಎಂಬ ಮಾತನ್ನು ಮಲೆನಾಡಿನ ಮನೆಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಆ ರುಚಿಯಲ್ಲಿ ಕೈಗುಣವೆಂದು ನಾವು ಬಿಟ್ಟುಬಿಡುವ ಭಾಗ ಬಹಳ ಚಿಕ್ಕದು ಎಂದು ನನ್ನ ಅಭಿಪ್ರಾಯ. ಉಳಿದದ್ದು ಮೇಲಿನಿಂದ ಬರುತ್ತಿದ್ದ ಕೆಂಡದ ಕಾವು, ಆಯಾ ಹಂಗಾಮಿನ ಪದಾರ್ಥದಲ್ಲಿದ್ದ ನೀರು ಮತ್ತು ಆ ಮನೆಯದೇ ಆದ ಪಾವಿನ ಅಳತೆ. ಮೂರನ್ನೂ ಅಳೆಯಬಹುದು, ಅಳೆದುದನ್ನು ಮತ್ತೆ ಮಾಡಬಹುದು.

ಎತ್ತರಕ್ಕೆ ಮತ್ತು ತೇವಕ್ಕೆ ಹೊಂದಿಸಿಕೊಳ್ಳುವುದು

ಬೇರೆ ಊರಿನ ಯಾವುದೇ ಕೇಕಿನ ಅಳತೆಯನ್ನು ಇಲ್ಲಿ ಬಳಸುವಾಗ ಮೊದಲು ತಿದ್ದಬೇಕಾದದ್ದು ಬೇಕಿಂಗ್ ಪೌಡರ್. ಪ್ರತಿ ಟೀ ಚಮಚಕ್ಕೆ ಎಂಟನೆಯ ಒಂದು ಭಾಗದಷ್ಟನ್ನು ಕಡಿಮೆ ಮಾಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಮೃದುವಾದ ಸ್ಪಂಜು ಕೇಕಾದರೆ ಕಾಲು ಭಾಗದವರೆಗೂ ಇಳಿಸಬಹುದು. ಸಕ್ಕರೆಯು ಹಿಟ್ಟು ಗಟ್ಟಿಯಾಗುವುದನ್ನು ತಡ ಮಾಡುವುದರಿಂದ ಪ್ರತಿ ಬಟ್ಟಲು ಸಕ್ಕರೆಗೆ ಒಂದು ದೊಡ್ಡ ಚಮಚ ತೆಗೆಯುವುದು ಒಳ್ಳೆಯದು. ಹಾಲು, ಮೊಸರು, ನೀರು ಯಾವುದೇ ಇರಲಿ, ಪ್ರತಿ ಬಟ್ಟಲಿಗೆ ಒಂದರಿಂದ ಎರಡು ದೊಡ್ಡ ಚಮಚ ಹೆಚ್ಚಿಸಬೇಕು. ಓವನ್ನಿನ ಕಾವನ್ನು ಹತ್ತು ಡಿಗ್ರಿಯಷ್ಟು ಏರಿಸಿದರೆ ಗುಳ್ಳೆಗಳು ಒಡೆಯುವ ಮೊದಲು ಅವುಗಳ ಗೋಡೆ ಬೇಯುತ್ತದೆ. ಈ ನಾಲ್ಕನ್ನೂ ಒಮ್ಮೆಗೇ ಮಾಡಬೇಕಾಗಿಲ್ಲ. ಮೊದಲು ಬೇಕಿಂಗ್ ಪೌಡರನ್ನು ತಿದ್ದಿ ನೋಡಿ, ಕುಸಿತ ನಿಂತರೆ ಉಳಿದುದನ್ನು ಮುಟ್ಟದಿರುವುದೇ ಲೇಸು. ಹಣ್ಣು ತುಂಬಿದ ಭಾರವಾದ ಕೇಕುಗಳ ಮೇಲೆ ಎತ್ತರದ ಪರಿಣಾಮ ಕಡಿಮೆ, ಸ್ಪಂಜಿನ ಮೇಲೆ ಹೆಚ್ಚು ಎಂಬುದನ್ನೂ ನೆನಪಿಡಬೇಕು.

ಮಳೆಯ ಲೆಕ್ಕ ಬೇರೆ. ಕಳಸ, ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ತೆರೆದಿಟ್ಟ ಮೈದಾ ತೇವ ಹೀರಿಕೊಂಡಿರುತ್ತದೆ, ಬೆಲ್ಲ ಒಸರುತ್ತದೆ, ಉಪ್ಪು ನೀರಾಗುತ್ತದೆ. ಚಿಕ್ಕಮಗಳೂರು ಜಿಲ್ಲೆಯದೇ ಆದ ಕಡೂರಿನಲ್ಲಿ ಅಥವಾ ಹಾಸನದ ಅರಸೀಕೆರೆಯಲ್ಲಿ ಅದೇ ವಾರ ಹಿಟ್ಟು ಒಣಗಿಯೇ ಇರಬಹುದು. ಆದ್ದರಿಂದ ಮಲೆನಾಡಿನ ಕಡೆಯವರು ಮಳೆಗಾಲದಲ್ಲಿ ಅಳತೆಯಲ್ಲಿ ಹೇಳಿದ ದ್ರವದಲ್ಲಿ ಎರಡು ಚಮಚವನ್ನು ಕೊನೆಯವರೆಗೂ ಕೈಯಲ್ಲೇ ಉಳಿಸಿಕೊಂಡು, ಹಿಟ್ಟಿನ ಹದ ನೋಡಿ ಸೇರಿಸಬೇಕು. ರವೆಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಂಡು ಬಳಸಿದರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ. ಬೇಕಿಂಗ್ ಪೌಡರ್ ಡಬ್ಬಿಯನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ಅದರ ಶಕ್ತಿ ಡಬ್ಬಿಯಲ್ಲಿಯೇ ಮುಗಿದುಹೋಗುತ್ತದೆ. ಒಂದು ಚಿಟಿಕೆಯನ್ನು ಬಿಸಿನೀರಿಗೆ ಹಾಕಿದಾಗ ಜೋರಾಗಿ ನೊರೆ ಬಾರದಿದ್ದರೆ ಹೊಸದನ್ನು ತರಬೇಕು.

ಪಾವನ್ನು ಗ್ರಾಮಿಗೆ ತರುವುದು

ಹಳೆಯ ಮನೆಗಳ ಅಳತೆ ಸೇರು, ಪಾವು, ಚಟಾಕುಗಳಲ್ಲಿ ಇರುತ್ತದೆ. ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕ ಎಲ್ಲರಿಗೂ ಗೊತ್ತಿದ್ದರೂ, ಒಂದು ಮನೆಯ ಹಿತ್ತಾಳೆ ಪಾವು ಇನ್ನೊಂದು ಮನೆಯ ಪಾವಿಗೆ ಸಮವಾಗಿರುತ್ತದೆ ಎಂದು ನಂಬುವಂತಿಲ್ಲ. ಪಾವು ಗಾತ್ರವನ್ನು ಅಳೆಯುತ್ತದೆಯೇ ಹೊರತು ತೂಕವನ್ನಲ್ಲ. ತಲೆ ಹೊಡೆದ ಪಾವಿಗೂ ಗೋಪುರವಾಗಿ ತುಂಬಿದ ಪಾವಿಗೂ ನಡುವಿನ ವ್ಯತ್ಯಾಸವೇ ಒಂದು ಕೇಕನ್ನು ಕೆಡಿಸಲು ಸಾಕು. ಆ ಪಾತ್ರೆ ಮನೆಯಲ್ಲಿ ಇನ್ನೂ ಇದ್ದರೆ ಅದರಲ್ಲಿ ರವೆ, ಬೆಲ್ಲದ ಪುಡಿ, ತೆಂಗಿನ ತುರಿ ಇವನ್ನು ಹಿರಿಯರು ತುಂಬುವಂತೆಯೇ ತುಂಬಿಸಿ ಒಂದೊಂದನ್ನೂ ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಬೇಕು.

ಹಿರಿಯರ ಬಳಿ ಅಳತೆ ಕೇಳಿದರೆ "ಸ್ವಲ್ಪ", "ಕೈಗೆ ಬಂದಷ್ಟು" ಎಂಬ ಉತ್ತರ ಬರುತ್ತದೆ. ಅವರು ನಿಜವಾಗಿಯೂ ಸಂಖ್ಯೆಯಲ್ಲಿ ಯೋಚಿಸುವುದಿಲ್ಲ, ಹದದಲ್ಲಿ ಯೋಚಿಸುತ್ತಾರೆ. ಅವರನ್ನು ಕೇಳುವ ಬದಲು ಅವರು ಮಾಡುವಾಗ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು, ಬೆಲ್ಲದ ಪಾತ್ರೆಯನ್ನು ಅವರು ಮುಟ್ಟುವ ಮೊದಲು ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ ತೂಗಿದರೆ ಅವರ ಕೈ ತೆಗೆದದ್ದು ಎಷ್ಟೆಂದು ತಿಳಿಯುತ್ತದೆ. ಹಿಟ್ಟು ಸೌಟಿನಿಂದ ಹೇಗೆ ಬೀಳುತ್ತಿತ್ತು, ಮನೆಯಲ್ಲಿ ಯಾವ ವಾಸನೆ ಬಂದಾಗ ಕೆಂಡ ತೆಗೆದರು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಬೇಕು. ನೆನಪಿನ ರುಚಿ ಎಂದು ನಾವು ಹೇಳುವುದರಲ್ಲಿ ಈ ಎರಡನೆಯ ಬಗೆಯ ಮಾಹಿತಿಯೇ ಹೆಚ್ಚು.

ಮಳೆಗಾಲ: ಬೆಲ್ಲದ ಸೌತೆಕಾಯಿ ಕೇಕು

ಓವನ್ ಕಾಣದ ಕಾಲದಲ್ಲಿಯೂ ಇಲ್ಲಿ ಬೇಕಿಂಗ್ ಇತ್ತು. ಮೂಡಿಗೆರೆಯ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಮಳೆಗಾಲದ ಉದ್ದಕ್ಕೂ ಬಚ್ಚಲೊಲೆ ಆರುತ್ತಿರಲಿಲ್ಲ. ತೋಟದಿಂದ ಬಂದವರ ಸ್ನಾನ, ಒದ್ದೆ ಕಂಬಳಿ ಒಣಗಿಸುವುದು, ಎಲ್ಲವೂ ಅದರ ಬಳಿಯೇ. ಸಂಜೆ ಹಂಡೆಯ ನೀರು ಖಾಲಿಯಾದ ಮೇಲೆ ಉಳಿಯುತ್ತಿದ್ದ ಕೆಂಡಕ್ಕೆ ಬೇರೆ ಕೆಲಸವಿರಲಿಲ್ಲ. ಬಲಿತು ಹಳದಿಯಾದ ಸೌತೆಕಾಯಿ, ಬೆಲ್ಲ, ರವೆ, ತೆಂಗಿನಕಾಯಿ ಕಲಸಿದ ಪಾತ್ರೆಯನ್ನು ಆ ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬಿಟ್ಟರೆ ರಾತ್ರಿ ಊಟದ ಹೊತ್ತಿಗೆ ಕೇಕು ಸಿದ್ಧವಾಗುತ್ತಿತ್ತು. ಮಕ್ಕಳು ಮುಚ್ಚಳ ಎತ್ತದಂತೆ ನೋಡಿಕೊಳ್ಳುವುದಕ್ಕೇ ಒಬ್ಬರು ಬೇಕಾಗುತ್ತಿತ್ತು. ಕೊಂಕಣಿ ಮನೆಗಳ ಸೌತೆಕಾಯಿ ಸಿಹಿಯಾದ ತವಸಳಿಗೂ ಇದಕ್ಕೂ ಹತ್ತಿರದ ನಂಟಿದೆ. ಅಲ್ಲಿ ಅದನ್ನು ಹಬೆಯಲ್ಲಿ ಬೇಯಿಸುವುದೂ ಉಂಟು.

ಸುಮಾರು 20 ಸೆಂಟಿಮೀಟರ್ ಅಗಲದ ಪಾತ್ರೆಗೆ 250 ಗ್ರಾಂ ಮಧ್ಯಮ ರವೆ, ರಸಸಮೇತ 400 ಗ್ರಾಂ ಸೌತೆಕಾಯಿ ತುರಿ, 200 ಗ್ರಾಂ ಬೆಲ್ಲ, 100 ಗ್ರಾಂ ಹಸಿ ತೆಂಗಿನ ತುರಿ, 60 ಗ್ರಾಂ ತುಪ್ಪ, ಆರೇಳು ಏಲಕ್ಕಿ, ಅರ್ಧ ಟೀ ಚಮಚ ಉಪ್ಪು ಬೇಕು. ಗೋಡಂಬಿ ನಿಮ್ಮ ಇಷ್ಟ. ಬೇಕಿಂಗ್ ಪೌಡರ್ ಹಾಕುವವರು ಮುಕ್ಕಾಲು ಟೀ ಚಮಚ ಮೀರಬಾರದು. ಹಳೆಯ ರೀತಿಯಲ್ಲಿ ಅದು ಇರಲೇ ಇಲ್ಲ, ಹಾಕದಿದ್ದರೆ ಕೇಕು ತುಸು ಬಿಗಿಯಾಗಿ, ಕತ್ತರಿಸಿದ ಅಂಚು ನಯವಾಗಿ ಬರುತ್ತದೆ. ನನಗೆ ಹಾಕದ್ದೇ ಇಷ್ಟ.

ಸೌತೆಕಾಯಿಯನ್ನು ಸಿಪ್ಪೆ ಹೆರೆದು, ಬೀಜ ಮತ್ತು ತಿರುಳಿನ ಲೋಳೆ ತೆಗೆದು, ತುರಿಯುವ ಮೊದಲು ಎರಡೂ ತುದಿಗಳಿಂದ ಒಂದು ಚೂರು ತಿಂದು ನೋಡಲೇಬೇಕು. ತೊಟ್ಟಿನ ಕಡೆ ಮಾತ್ರ ಸ್ವಲ್ಪ ಕಹಿಯಿದ್ದರೆ ಆ ಭಾಗವನ್ನು ಧಾರಾಳವಾಗಿ ಕತ್ತರಿಸಿ ಬಿಸಾಡಿ; ಕಾಯಿಯೆಲ್ಲ ಕಹಿಯಾಗಿದ್ದರೆ ಅದನ್ನು ತಿನ್ನುವುದಕ್ಕೇ ಬಳಸಬಾರದು. ಬೆಲ್ಲ ಹಾಕಿದರೆ ಕಹಿ ಹೋಗುತ್ತದೆ ಎಂಬುದು ತಪ್ಪು ನಂಬಿಕೆ, ಆ ಕಹಿಗೆ ಕಾರಣವಾದ ವಸ್ತು ಬೇಯಿಸಿದರೂ ಉಳಿಯುತ್ತದೆ ಮತ್ತು ಹೊಟ್ಟೆ ಕೆಡಿಸುತ್ತದೆ.

ರವೆಯನ್ನು ಅರ್ಧ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ತಣಿಸಬೇಕು. ಬಣ್ಣ ಕೆಂಪಾಗುವುದು ಬೇಡ. ಬೆಲ್ಲದಲ್ಲಿ ಮಣ್ಣು, ಕಡ್ಡಿ ಇರುವುದರಿಂದ ಅದನ್ನು ಕಾಲು ಬಟ್ಟಲು ನೀರಿನಲ್ಲಿ ಕರಗಿಸಿ ಶೋಧಿಸಿ, ಪಾಕ ಬರಿಸದೆ ತಣಿಸಿಕೊಳ್ಳಬೇಕು. ಮಲೆನಾಡಿನ ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಸಿಕ್ಕಿದರೆ ಈ ನೀರೂ ಬೇಡ. ಈಗ ಸೌತೆಕಾಯಿ ತುರಿ, ಬೆಲ್ಲ, ತೆಂಗಿನ ತುರಿ, ಉಪ್ಪು, ಏಲಕ್ಕಿ ಪುಡಿಗಳನ್ನು ಕಲಸಿ, ರವೆ ಸೇರಿಸಿ 40 ನಿಮಿಷ ಮುಚ್ಚಿಡಿ. ಈ ವಿರಾಮವೇ ಇಡೀ ಕೆಲಸದ ಜೀವಾಳ. ಬೆಲ್ಲವೂ ಉಪ್ಪೂ ತುರಿಯಿಂದ ನೀರನ್ನು ಎಳೆಯುತ್ತವೆ, ರವೆ ಆ ನೀರನ್ನು ಕುಡಿದು ಉಬ್ಬುತ್ತದೆ. ಕಲಸಿದ ತಕ್ಷಣದ ಹದವನ್ನು ನಂಬಿ ಹಾಲೋ ನೀರೋ ಸುರಿದರೆ ಆಮೇಲೆ ಸರಿಪಡಿಸಲು ದಾರಿಯಿರುವುದಿಲ್ಲ. 40 ನಿಮಿಷದ ಬಳಿಕ ಮಿಶ್ರಣ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ, ಸೌಟಿನಿಂದ ಉಂಡೆಯಾಗಿ ಜಾರಿ ಬೀಳುವಂತಿರಬೇಕು. ಜುಲೈ ತಿಂಗಳ ಸೌತೆಗೂ ಸೆಪ್ಟೆಂಬರಿನ ಬಲಿತ ಸೌತೆಗೂ ನೀರಿನಂಶದಲ್ಲಿ ಬಹಳ ವ್ಯತ್ಯಾಸವಿರುವುದರಿಂದ ಇಲ್ಲಿ ತೂಕಕ್ಕಿಂತ ಹದವೇ ಮುಖ್ಯ. ಬೇಕಿಂಗ್ ಪೌಡರ್ ಬಳಸುವವರು ಅದನ್ನು ಈ ಹಂತದಲ್ಲಿ, ಪಾತ್ರೆಗೆ ಸುರಿಯುವ ಸ್ವಲ್ಪ ಮೊದಲು ಸೇರಿಸಬೇಕು.

ಪಾತ್ರೆಗೆ ಬಾಡಿಸಿದ ಬಾಳೆಲೆ ಹಾಸಿ, ತುಪ್ಪ ಸವರಿ, ಮಿಶ್ರಣ ಸುರಿದು, ಉಳಿದ ತುಪ್ಪವನ್ನು ಮೇಲೆ ಹಾಕಿ.

ಕೆಂಡದಲ್ಲಿ ಮಾಡುವವರು ಮೊದಲು ಗಾಳಿಯ ವ್ಯವಸ್ಥೆ ನೋಡಬೇಕು: ಮಳೆಗೆಂದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಜೀವಕ್ಕೆ ಅಪಾಯ, ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಕಾಫಿ ಗಿಡದ ಬೊಡ್ಡೆಯ ಸೌದೆ ಗಟ್ಟಿಯಾದ್ದರಿಂದ ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ತೆಂಗಿನ ಚಿಪ್ಪಿನ ಕೆಂಡ ಬೇಗ ಉರಿದು ಹೋಗುತ್ತದೆ. ಕೆಂಡವನ್ನು ಮೂರು ಪಾಲು ಮಾಡಿ, ಒಂದು ಪಾಲನ್ನು ಕೆಳಗೆ ಹರಡಿ ಅದರ ಮೇಲೆ ತೆಳುವಾಗಿ ಬೂದಿ ಉದುರಿಸಿ, ಎರಡು ಪಾಲನ್ನು ಅಂಚಿರುವ ಮುಚ್ಚಳದ ಮೇಲೆ ಹಾಕಬೇಕು. ಕಾವು ಮೇಲಕ್ಕೆ ಏರುವುದರಿಂದ ಕೆಳಗೆ ಹೆಚ್ಚಾದರೆ ಬೆಲ್ಲ ತಳ ಹಿಡಿಯುತ್ತದೆ, ಮೇಲೆ ಹೆಚ್ಚಿದ್ದರೆ ಮಾತ್ರ ಆ ಹೊಂಬಣ್ಣದ ಚಕ್ಕೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ಮೇಲಿನ ಕೆಂಡವನ್ನು ಬದಲಿಸುತ್ತ ಒಂದರಿಂದ ಒಂದೂಕಾಲು ಗಂಟೆ ಬಿಡಬೇಕು.

ಓವನ್ನಿನಲ್ಲಿ 175 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎರಡೂ ಕಂಬಿಗಳನ್ನು ಉರಿಸಿ 50ರಿಂದ 60 ನಿಮಿಷ ಬೇಯಿಸಿ, ಕೊನೆಯ ಹತ್ತು ನಿಮಿಷ ಮೇಲಿನ ಕಂಬಿಯನ್ನು ಮಾತ್ರ ಇಟ್ಟರೆ ಮುಚ್ಚಳದ ಕೆಂಡದ ಪರಿಣಾಮ ಬಹಳ ಮಟ್ಟಿಗೆ ಸಿಗುತ್ತದೆ. ಓವನ್ನಿಲ್ಲದವರು ದಪ್ಪ ತಳದ ಹಳೆಯ ಡಬರಿಗೆ ಒಂದು ಅಂಗುಲ ಮರಳು ಅಥವಾ ಉಪ್ಪು ಹಾಕಿ, ಹತ್ತು ನಿಮಿಷ ಕಾಯಿಸಿ, ಒಳಗೆ ಸ್ಟ್ಯಾಂಡ್ ಇಟ್ಟು, ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಬಹುದು. ಒಳ್ಳೆಯ ಪ್ರೆಶರ್ ಕುಕ್ಕರನ್ನು ಈ ಕೆಲಸಕ್ಕೆ ಹಾಳುಮಾಡುವುದು ನನಗೆ ಒಪ್ಪಿಗೆಯಿಲ್ಲ. ಬಳಸುವುದೇ ಆದರೆ ಸೀಟಿಯನ್ನೂ ರಬ್ಬರನ್ನೂ ತೆಗೆದಿಡಲೇಬೇಕು. ತೆಂಗಿನ ಗರಿಯ ಕಡ್ಡಿ ಚುಚ್ಚಿ ತೆಗೆದಾಗ ಒದ್ದೆ ಹಿಟ್ಟು ಅಂಟದೆ, ಅಂಚು ಬಾಳೆಲೆಯಿಂದ ಬಿಟ್ಟಿದ್ದರೆ ಬೆಂದಿದೆ ಎಂದರ್ಥ. ಬಿಸಿಯಾಗಿದ್ದಾಗ ಕತ್ತರಿಸಿದರೆ ಪುಡಿಯಾಗುತ್ತದೆ. ಎರಡು ಗಂಟೆಯಾದರೂ ಕಾಯಬೇಕು. ಇದರಲ್ಲಿ ಹಸಿ ತೆಂಗಿನಕಾಯಿ ಇರುವುದರಿಂದ ಮಾರನೆಯ ದಿನ ಮುಗಿಸುವುದು ಒಳ್ಳೆಯದು.

ಹಲಸಿನ ಹಣ್ಣಿನಲ್ಲಿಯೂ ಇದೇ ಕ್ರಮ ನಡೆಯುತ್ತದೆ. ಮೇ ಕೊನೆಯಿಂದ ಜುಲೈವರೆಗೆ ಸಿಗುವ ಬಕ್ಕೆ ಹಲಸಿನ ತೊಳೆಗಳನ್ನು ನುಣ್ಣಗೆ ರುಬ್ಬಿ ಸೌತೆಕಾಯಿಯ ಬದಲು ಬಳಸಿ, ಬೆಲ್ಲವನ್ನು ಅರ್ಧಕ್ಕೆ ಇಳಿಸಿದರೆ ಆಯಿತು. ಜೋರು ಮಳೆ ಬಿದ್ದ ಮೇಲೆ ಕಿತ್ತ ಹಣ್ಣು ನೀರು ಕುಡಿದು ಸಪ್ಪೆಯಾಗಿರುತ್ತದೆ, ಅದಕ್ಕೆ ಮೊದಲಿನದೇ ಚೆಂದ. ಹಾಸನದ ಕಡೆಯವರಿಗೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಸ ಆಲೂಗಡ್ಡೆ ಬರುತ್ತದೆ: 250 ಗ್ರಾಂ ಮೈದಾಕ್ಕೆ 100 ಗ್ರಾಂ ಬೇಯಿಸಿ ನುರಿದ ಆಲೂಗಡ್ಡೆ, 5 ಗ್ರಾಂ ಒಣ ಯೀಸ್ಟ್, 25 ಗ್ರಾಂ ಸಕ್ಕರೆ, 30 ಗ್ರಾಂ ಬೆಣ್ಣೆ, 4 ಗ್ರಾಂ ಉಪ್ಪು ಮತ್ತು ಬೇಕಾದಷ್ಟು ಬೆಚ್ಚಗಿನ ಹಾಲು ಹಾಕಿ ನಾದಿದ ಬನ್ನು ಎರಡು ದಿನ ಮೆತ್ತಗೇ ಉಳಿಯುತ್ತದೆ. 190 ಡಿಗ್ರಿಯಲ್ಲಿ 20 ನಿಮಿಷ ಸಾಕು.

ಡಿಸೆಂಬರ್: ಕಿತ್ತಳೆ ಸಿಪ್ಪೆ ಮತ್ತು ಡಿಕಾಕ್ಷನ್ನಿನ ಹಣ್ಣಿನ ಕೇಕು

ಅರೇಬಿಕಾ ಕಾಫಿಯ ಕೊಯ್ಲು ನಡೆಯುವ ತಿಂಗಳುಗಳಲ್ಲಿಯೇ ತೋಟದ ಕಿತ್ತಳೆಯೂ ಹಣ್ಣಾಗುತ್ತದೆ. ಕೊಡಗಿನ ಕಿತ್ತಳೆ ಎಂದು ಹೆಸರಾದ ತಳಿಯೇ ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿಯೂ ಇದೆ. ಅದರ ಸಿಪ್ಪೆ ಸಡಿಲ, ತೆಳು, ಘಮ ಹೆಚ್ಚು. ಅಂಗಡಿಯ ಬಣ್ಣದ ಟೂಟಿಫ್ರೂಟಿಗಿಂತ ಈ ಸಿಪ್ಪೆಯನ್ನು ಮನೆಯಲ್ಲಿ ಸಕ್ಕರೆಯಲ್ಲಿ ಕುದಿಸಿಟ್ಟುಕೊಂಡರೆ ಕೇಕು ಈ ಊರಿನದಾಗುತ್ತದೆ. ನಾಲ್ಕೈದು ಹಣ್ಣಿನ ಸಿಪ್ಪೆಯ ಒಳಗಿನ ಬಿಳಿ ನಾರನ್ನು ಚಮಚದಿಂದ ಕೆರೆದು, ಸಣ್ಣಗೆ ಹೆಚ್ಚಿ, ಮೂರು ಸಲ ನೀರು ಬದಲಿಸಿ ಐದೈದು ನಿಮಿಷ ಕುದಿಸಿ ಬಸಿಯಬೇಕು. ಕಹಿ ಹೋಗುವುದು ಈ ಬಸಿಯುವಿಕೆಯಲ್ಲಿಯೇ. ಅನಂತರ ಸಿಪ್ಪೆಯ ತೂಕದಷ್ಟೇ ಸಕ್ಕರೆ, ಅದು ಮುಳುಗುವಷ್ಟು ನೀರು ಹಾಕಿ ಸಿಪ್ಪೆ ಪಾರದರ್ಶಕವಾಗುವವರೆಗೆ ಸಣ್ಣ ಉರಿಯಲ್ಲಿ ಬತ್ತಿಸಬೇಕು.

ಹಣ್ಣು ನೆನೆಸುವ ವಿಷಯದಲ್ಲಿ ಎರಡು ದಾರಿಗಳಿವೆ, ಅವುಗಳನ್ನು ಬೆರೆಸಬಾರದು. ಒಣದ್ರಾಕ್ಷಿ 150 ಗ್ರಾಂ, ಕಪ್ಪು ಒಣದ್ರಾಕ್ಷಿ 150 ಗ್ರಾಂ, ಹೆಚ್ಚಿದ ಖರ್ಜೂರ 125 ಗ್ರಾಂ, ಕಿತ್ತಳೆ ಸಿಪ್ಪೆ 75 ಗ್ರಾಂ ಇವನ್ನು ರಮ್ಮಿನಲ್ಲಿ ನೆನೆಸುವವರು, ಹಣ್ಣು ಪೂರ್ತಿ ಮುಳುಗುವಷ್ಟು ರಮ್ಮು ಸುರಿದು ಗಾಜಿನ ಭರಣಿಯಲ್ಲಿ ಒಂದೆರಡು ತಿಂಗಳು ಇಡಬಹುದು. ಕಲಸುವ ದಿನ ಬಸಿದು ಉಳಿದ ರಮ್ಮನ್ನು ಮುಂದಿನ ಉಪಯೋಗಕ್ಕೆ ಎತ್ತಿಡಬೇಕು. ರಮ್ಮು ಬೇಡದವರು ಹಣ್ಣುಗಳನ್ನು 150 ಮಿಲಿಲೀಟರ್ ಕಿತ್ತಳೆ ರಸದಲ್ಲಿ ಐದು ನಿಮಿಷ ಕುದಿಸಿ ಒಂದು ರಾತ್ರಿ ನೆನೆಸಿದರೆ ಸಾಕು. ರಸದಲ್ಲಿ ನೆನೆಸಿದ ಹಣ್ಣನ್ನು ವಾರಗಟ್ಟಲೆ ಹೊರಗಿಟ್ಟರೆ ಅದು ಹುಳಿತು ನೊರೆಯೇಳುತ್ತದೆ, ಭರಣಿ ಒಡೆದರೂ ಆಶ್ಚರ್ಯವಿಲ್ಲ. ರುಚಿಯಲ್ಲಿ ಎರಡನೆಯದು ಕಡಿಮೆಯೆಂದು ನನಗೆ ಅನ್ನಿಸಿಲ್ಲ, ಬಾಳಿಕೆಯಲ್ಲಿ ಮಾತ್ರ ಕಡಿಮೆ.

ಬಣ್ಣಕ್ಕೆ ಸುಟ್ಟ ಸಕ್ಕರೆ ಬೇಕು. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆಯನ್ನು ನೀರಿಲ್ಲದೆ ಕರಗಿಸಿ, ಗಾಢ ಕಂದು ಬಣ್ಣಕ್ಕೆ ಬಂದು ಅಂಚಿನಲ್ಲಿ ಹೊಗೆಯಾಡತೊಡಗಿದಾಗ ಉರಿಯಿಂದ ಇಳಿಸಿ, 100 ಮಿಲಿಲೀಟರ್ ಬಿಸಿ ಕಾಫಿ ಡಿಕಾಕ್ಷನ್ನನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು. ಆ ಸಕ್ಕರೆ 170 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರುವುದರಿಂದ ದ್ರವ ತಾಗಿದೊಡನೆ ಆವಿ ಸಿಡಿಯುತ್ತದೆ. ಉದ್ದ ಹಿಡಿಯ ಸೌಟು ಹಿಡಿದು, ಮುಖ ದೂರವಿಟ್ಟು, ಮಕ್ಕಳನ್ನು ಹೊರಗೆ ಕಳಿಸಿ ಮಾಡುವ ಕೆಲಸವಿದು. ಡಿಕಾಕ್ಷನ್ನಿಗೆ ಚಿಕೋರಿ ಬೆರೆಸದ ಪುಡಿ ಇರಲಿ, ಚಿಕೋರಿಯೂ ಸುಟ್ಟ ಸಕ್ಕರೆಯೂ ಸೇರಿದರೆ ಕಹಿ ಮಿತಿ ಮೀರುತ್ತದೆ. ಗಂಟು ಕಟ್ಟಿದ ಸಕ್ಕರೆ ಮತ್ತೆ ಉರಿಗಿಟ್ಟರೆ ಕರಗುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಇದನ್ನು ಬೆಣ್ಣೆಯ ಹತ್ತಿರ ತರಬಾರದು.

ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಇಲ್ಲಿ ಬೆಣ್ಣೆ ತಾನಾಗಿ ಮೆತ್ತಗಾಗುವುದಿಲ್ಲ. ಕರಗಿಸಬಾರದು, ಬೆಚ್ಚಗಿನ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಬೆರಳು ಒತ್ತಿದರೆ ಗುಳಿ ಬೀಳುವ ಹದಕ್ಕೆ ತರಬೇಕು. ಮೊಟ್ಟೆಗಳನ್ನೂ ಒಡೆಯುವ ಮೊದಲು ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಇಟ್ಟುಕೊಳ್ಳಿ, ತಣ್ಣನೆಯ ಮೊಟ್ಟೆ ತಾಗಿದರೆ ಬೆಣ್ಣೆ ಮೊಸರಿನಂತೆ ಒಡೆಯುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಹೆಚ್ಚಿರುವುದರಿಂದ ಅದನ್ನು ಬಟ್ಟೆಯಲ್ಲಿ ಒತ್ತಿ ನೀರು ತೆಗೆದ ಮೇಲೆಯೇ ತೂಗಬೇಕು.

200 ಗ್ರಾಂ ಬೆಣ್ಣೆ ಮತ್ತು 150 ಗ್ರಾಂ ಪುಡಿ ಸಕ್ಕರೆಯನ್ನು ಬಿಳುಪಾಗಿ ಹಗುರವಾಗುವವರೆಗೆ ಕಡೆಯಿರಿ. ಮೊಟ್ಟೆಯನ್ನು ಎಣಿಸುವುದಕ್ಕಿಂತ ತೂಗುವುದು ಮೇಲು: ಚಿಪ್ಪಿಲ್ಲದೆ 200 ಗ್ರಾಂ ಬೇಕು, ಫಾರಂ ಮೊಟ್ಟೆಯಾದರೆ ನಾಲ್ಕಾಗುತ್ತದೆ, ನಾಟಿ ಕೋಳಿಯದಾದರೆ ಐದೋ ಆರೋ ಬೇಕಾಗಬಹುದು. ಅವನ್ನು ಒಂದೊಂದಾಗಿ ಸೇರಿಸಿ, ಬಳಿಕ ತಣಿದ ಸಕ್ಕರೆ ಪಾಕವನ್ನು ಹಾಕಿ. 225 ಗ್ರಾಂ ಮೈದಾ, ಮುಕ್ಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು, ಒಂದು ಚಮಚ ಚಕ್ಕೆ ಪುಡಿ, ತಲಾ ಕಾಲು ಚಮಚದಷ್ಟು ಲವಂಗ, ಜಾಯಿಕಾಯಿ, ಶುಂಠಿ ಮತ್ತು ಕರಿಮೆಣಸಿನ ಪುಡಿಗಳನ್ನು ಜರಡಿ ಹಿಡಿದು ಅರ್ಧದಷ್ಟನ್ನು ಕಲಸಬೇಕು. ಮೆಣಸನ್ನು ಕಂಡು ಹುಬ್ಬೇರಿಸುವವರಿದ್ದಾರೆ. ತೋಟದ ಸಿಲ್ವರ್ ಓಕ್ ಮರಗಳ ಮೇಲೆ ಹಬ್ಬಿದ ಮೆಣಸು ಹಣ್ಣಿನ ಸಿಹಿಯನ್ನು ಮಟ್ಟದಲ್ಲಿಡುವಷ್ಟು ಚೆನ್ನಾಗಿ ಬೇರೇನೂ ಇಡುವುದಿಲ್ಲ. ಬಸಿದ ಹಣ್ಣುಗಳಿಗೆ 100 ಗ್ರಾಂ ಹೆಚ್ಚಿದ ಗೋಡಂಬಿ ಮತ್ತು ಎರಡು ಚಮಚ ಮೈದಾ ಬೆರೆಸಿದರೆ ಅವು ತಳಕ್ಕೆ ಇಳಿಯುವುದಿಲ್ಲ. ಅವನ್ನೂ ಉಳಿದ ಹಿಟ್ಟನ್ನೂ ಸೇರಿಸಿ ಸೌಟಿನಿಂದ ಮೆಲ್ಲಗೆ ತಿರುವಿ. ಹಿಟ್ಟು ಸೌಟಿನಿಂದ ಭಾರವಾಗಿ, ತಡವಾಗಿ ಬೀಳಬೇಕು.

ಮೊಟ್ಟೆ ಬಳಸದ ಮನೆಗಳು ಅದರ ಬದಲು 200 ಗ್ರಾಂ ಗಟ್ಟಿ ಮೊಸರು, 30 ಗ್ರಾಂ ಹಾಲಿನ ಪುಡಿ ಮತ್ತು ಅರ್ಧ ಟೀ ಚಮಚಕ್ಕೆ ಸ್ವಲ್ಪ ಕಡಿಮೆ ಅಡುಗೆ ಸೋಡಾ ಬಳಸಬಹುದು. ಸೋಡಾ ಬೆರೆಸಿದ ಮೇಲೆ ತಡ ಮಾಡಬಾರದು. ಮೊಟ್ಟೆಯಿಲ್ಲದ ಬೇಕಿಂಗನ್ನು ಕೈಲಾಗದ ರಾಜಿ ಎಂದು ನೋಡುವ ಅಗತ್ಯ ಹಾಸನ ಜಿಲ್ಲೆಯವರಿಗಂತೂ ಇಲ್ಲ. ಅಯ್ಯಂಗಾರ್ ಬೇಕರಿಗಳ ಮೊದಲಿಗರೆಂದು ಹೇಳಲಾಗುವ ತಿರುಮಲಾಚಾರ್ ಆ ಕಡೆಯಿಂದಲೇ ಹೋಗಿ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯ ಭಾಗದಲ್ಲಿ ಬಿ.ಬಿ. ಬೇಕರಿ ತೆರೆದರು, ಮುಂದೆ ಅದೇ ಜಿಲ್ಲೆಯ ಅನೇಕ ಕುಟುಂಬಗಳು ಊರೂರುಗಳಲ್ಲಿ ಆ ಕಸುಬನ್ನು ಹಿಡಿದವು.

20 ಸೆಂಟಿಮೀಟರ್ ಟಿನ್ನಿನ ಒಳಗೆ ಎರಡು ಪದರ ಬೇಕಿಂಗ್ ಕಾಗದ ಹಾಸಿ, ಹೊರಗೆ ಮಡಿಸಿದ ಪತ್ರಿಕೆಯ ಹಾಳೆಯನ್ನು ದಾರದಿಂದ ಸುತ್ತಿ ಕಟ್ಟಬೇಕು. ಹಾಳೆ ಕಂಬಿಗೆ ತಾಗದಂತೆ ನೋಡಿಕೊಳ್ಳಿ. ಎರಡು ಗಂಟೆ ಬೇಯುವ ಕೇಕಿನ ಅಂಚು ಒಣಗದಿರಲು ಇದು ಬೇಕೇಬೇಕು. ಮೊದಲೇ ಕಾಯಿಸಿದ ಓವನ್ನಿನಲ್ಲಿ 150 ಡಿಗ್ರಿಯಲ್ಲಿ ಇಟ್ಟು, ಒಂದೂ ಮುಕ್ಕಾಲು ಗಂಟೆಯ ತನಕ ಬಾಗಿಲು ತೆರೆಯದೆ, ಆಮೇಲೆ ಕಡ್ಡಿ ಚುಚ್ಚಿ ನೋಡಿ. ಹಗುರ ಕೇಕುಗಳಿಗೆ ಹೇಳಿದ ಹತ್ತು ಡಿಗ್ರಿಯ ಏರಿಕೆ ಇದಕ್ಕೆ ಅನ್ವಯಿಸುವುದಿಲ್ಲ. ಮನೆಬಳಕೆಯ ಓವನ್ನುಗಳ ಗುಂಡಿ ತೋರಿಸುವ ಕಾವಿಗೂ ಒಳಗಿನ ಕಾವಿಗೂ 20 ಡಿಗ್ರಿಯವರೆಗೆ ವ್ಯತ್ಯಾಸ ಇರಬಹುದಾದ್ದರಿಂದ ಒಳಗಿಡುವ ಚಿಕ್ಕ ಥರ್ಮಾಮೀಟರ್ ಕೊಳ್ಳುವುದು ಯಾವ ದುಬಾರಿ ಟಿನ್ನಿಗಿಂತ ಹೆಚ್ಚು ಉಪಯುಕ್ತ.

ಬೇಯುವ ನಡುವೆ ಕರೆಂಟು ಹೋದರೆ ಬಾಗಿಲು ತೆರೆಯಬಾರದು. ಕಾಲು ಗಂಟೆಯೊಳಗೆ ಬಂದರೆ ಅಷ್ಟೇ ಸಮಯ ಹೆಚ್ಚಿಗೆ ಬೇಯಿಸಿದರಾಯಿತು. ಬರುವ ಲಕ್ಷಣ ಕಾಣದಿದ್ದರೆ ಗ್ಯಾಸಿನ ಮೇಲೆ ಮರಳಿನ ಡಬರಿಯನ್ನು ಕಾಯಿಸಿ, ಸುತ್ತಿದ ಪತ್ರಿಕೆ ಬಿಚ್ಚಿ, ಟಿನ್ನನ್ನು ಅದಕ್ಕೆ ವರ್ಗಾಯಿಸಬೇಕು. ಮೊದಲ ಒಂದು ಗಂಟೆ ದಾಟಿದ ಹಣ್ಣಿನ ಕೇಕು ಈ ಸ್ಥಳಾಂತರವನ್ನು ತಡೆದುಕೊಳ್ಳುತ್ತದೆ, ಸ್ಪಂಜಾದರೆ ತಡೆಯುವುದಿಲ್ಲ.

ನಮ್ಮ ಬೀದಿಯಲ್ಲಿ ಕ್ರಿಸ್‌ಮಸ್ಸಿಗೆ ಬರುತ್ತಿದ್ದ ಕೇಕು ಮತ್ತು ಕುಸ್ವಾರಿನ (ಕ್ರಿಸ್‌ಮಸ್ಸಿಗೆ ಮಾಡುವ ಬಗೆಬಗೆಯ ತಿಂಡಿಗಳ) ತಟ್ಟೆಯನ್ನು ಯಾರೂ ಖಾಲಿಯಾಗಿ ಹಿಂದಿರುಗಿಸುತ್ತಿರಲಿಲ್ಲ. ಕೆಲವರು ಅದನ್ನು ತೊಳೆದಿಟ್ಟುಕೊಂಡು ಸಂಕ್ರಾಂತಿಯ ಎಳ್ಳುಬೆಲ್ಲದೊಡನೆ ಕೊಡುತ್ತಿದ್ದರು. ಹಂಚುವ ಉದ್ದೇಶವಿದ್ದರೆ ಇದೇ ಹಿಟ್ಟನ್ನು ಎರಡು ಚಿಕ್ಕ ಬ್ರೆಡ್ ಟಿನ್ನುಗಳಿಗೆ ಸುರಿದು ಒಂದೂಕಾಲು ಗಂಟೆ ಬೇಯಿಸುವುದು ಅನುಕೂಲ. ಕೇಕು ಟಿನ್ನಿನಲ್ಲಿಯೇ ಪೂರ್ತಿ ತಣಿಯಲಿ. ರಮ್ಮಿನದಾದರೆ ಬೇಕಿಂಗ್ ಕಾಗದದಲ್ಲಿ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿಟ್ಟು, ವಾರಕ್ಕೊಮ್ಮೆ ಎರಡು ಚಮಚ ರಮ್ಮು ಸವರಿದರೆ ಜನವರಿ ದಾಟುತ್ತದೆ. ರಸದಲ್ಲಿ ನೆನೆಸಿದ ಅಥವಾ ಮೊಸರಿನ ಕೇಕನ್ನು ನಾಲ್ಕೈದು ದಿನಗಳಲ್ಲಿ ಮುಗಿಸಬೇಕು, ಇಲ್ಲವೇ ಫ್ರಿಜ್ಜಿನಲ್ಲಿಡಬೇಕು. ಎರಡು ದಿನ ಇಟ್ಟು ಕತ್ತರಿಸಿದರೆ ಹೋಳು ಒಡೆಯುವುದಿಲ್ಲ, ಮಸಾಲೆಯೂ ಕೂಡಿಕೊಂಡಿರುತ್ತದೆ. ಹಳೆಯ ಹಂಚಿನ ಮನೆಗಳಲ್ಲಿ ಇರುವೆಯ ಕಾಟ ಇದ್ದೇ ಇರುವುದರಿಂದ ಡಬ್ಬಿಯನ್ನು ನೀರು ತುಂಬಿದ ಅಗಲವಾದ ತಟ್ಟೆಯ ನಡುವೆ, ಒಂದು ಬೋರಲು ಬಟ್ಟಲಿನ ಮೇಲೆ ಇಡಿ.